ಚೀಟಿ ಮೇಷ್ಟ್ರು ಸಾಕಿದ ತಂಟೆಕೋರರು

ನನ್ನ ನಾದಿನಿಗೆ ಕಾಲೇಜಿನಲ್ಲಿ ಪಾಠ ಮಾಡಬೇಕೆಂಬುದೊಂದೇ ಹುಚ್ಚು. ಮನಶ್ಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ್ದೂ ಅದಕ್ಕೇ. ಆ ಹುಚ್ಚಿನ ಜುಟ್ಟು ಇದ್ದದ್ದು ಮಾತ್ರ ಒಬ್ಬ ಮೇಷ್ಟ್ರ ಕೈಯಲ್ಲಿ. ಅವರ ಬಗ್ಗೆ ನಾಲ್ಕು ಮಾತು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ. ಮಗಳು ಈಗಷ್ಟೇ ಮಲಗಿದ್ದಾಳೆ, ಒಗೆದ ಬಟ್ಟೆ ಇನ್ನೂ ಒಣಗಿಲ್ಲ. ಬರೆಯಲು ಇದೇ ಹೊತ್ತು.

ಸಂಶೋಧನಾ ವಿದ್ಯಾರ್ಥಿಗಳನ್ನು ಅಧ್ಯಾಪಕರನ್ನಾಗಿ ತಯಾರು ಮಾಡುವುದು ಈ ಮೇಷ್ಟ್ರ ಕೆಲಸ. ಅವರು ‘ತಯಾರು’ ಅನ್ನದೆ ಸುತ್ತಮುತ್ತಲಿನ ಯಾವ ಕಾಲೇಜೂ ಅವರ ವಿಭಾಗದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಯಾರು ಮಾಡಿದ ನಿಯಮವೋ, ಕೇಳಿದರೆ ಯಾರಿಗೂ ಗೊತ್ತಿಲ್ಲ. ಅವರೋ, ಪದವಿ ತರಗತಿಯ ಮೆಟ್ಟಿಲು ತುಳಿದು ಯಾವ ಕಾಲವಾಗಿತ್ತೋ. ಇಸ್ತ್ರಿ ಮುರಿಯದ ಅಂಗಿ, ಜೋಗುಳದ ದನಿ, ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ಎಲ್ಲ ಅರ್ಥವಾಯಿತೆಂಬ ಹಾಗೆ ತಲೆದೂಗುವ ಅಭ್ಯಾಸ. ಹುಡುಗರು ಅವರಿಗೆ ಇಟ್ಟ ಹೆಸರು ಚೀಟಿ ಮೇಷ್ಟ್ರು.

ಆ ಹೆಸರು ಯಾಕೆಂದು ನಾನೇ ಕಣ್ಣಾರೆ ಕಂಡೆ. ಒಂದು ದಿನ ನಾದಿನಿ ಬಂದು, “ಅತ್ತಿಗೆ, ಇವತ್ತು ನನ್ನ ಪಾಠ. ಕೂರೋಕೆ ಜನ ಸಾಲ್ತಿಲ್ಲ, ಬನ್ನಿ,” ಎಂದಳು.

“ನಾನು ಬಂದು ಏನ್ ಮಾಡ್ಲೇ? ಪುಟ್ಟಿ ಬೇರೆ ಇದ್ದಾಳೆ.”

“ನೀವು ವಿದ್ಯಾರ್ಥಿನಿ. ಸುಮ್ನೆ ಕೂತ್ರೆ ಸಾಕು.”

ಸುಮ್ಮನೆ ಕೂರುವ ಅವಕಾಶ ಸಿಕ್ಕೀತೆಂದರೆ ಯಾವ ತಾಯಿ ಬಿಟ್ಟಾಳು? ಮಗಳನ್ನು ಎತ್ತಿಕೊಂಡು ಹೋದೆ.

ಬೆಂಚಿನಲ್ಲಿ ಕೂತವರೆಲ್ಲ ನಾದಿನಿಯ ಜೊತೆಗಾರರೇ, ಸಂಶೋಧನೆ ಮಾಡುವವರೇ. ಒಬ್ಬನ ತಲೆಯಂತೂ ಅರ್ಧ ಬೋಳು. ಮೇಷ್ಟ್ರು ಒಂದು ಡಬ್ಬಿ ಹಿಡಿದು ಬಂದು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಒಬ್ಬನಿಗೆ ‘ಆಸಕ್ತ ವಿದ್ಯಾರ್ಥಿ’, ಇನ್ನೊಬ್ಬಳಿಗೆ ‘ನಾಚಿಕೆಯ ವಿದ್ಯಾರ್ಥಿನಿ’, ಅರ್ಧ ಬೋಳಿನವನಿಗೆ ‘ತಂಟೆಕೋರ’. ನನಗೆ ಬಂದದ್ದು ‘ಮಂದಗತಿಯ ವಿದ್ಯಾರ್ಥಿನಿ’. ಅಡಿಯಲ್ಲಿ, ‘ಎರಡನೇ ಸಲ ವಿವರಿಸಿದಾಗ ಅರ್ಥವಾಯಿತು ಎನ್ನಿ’ ಎಂಬ ಸೂಚನೆ.

ನಾದಿನಿ ‘ಮರೆವು’ ಎಂಬ ಪಾಠ ಶುರು ಮಾಡಿದಳು. ತಂಟೆಕೋರ ಪಕ್ಕದವನ ಜೊತೆ ಮಾತಿಗಿಳಿದ. ನಾದಿನಿ ಮೇಷ್ಟ್ರು ಹೇಳಿಕೊಟ್ಟ ಹಾಗೆ ಪಾಠ ನಿಲ್ಲಿಸದೆ ನಡೆದು ಹೋಗಿ ಅವನ ಪಕ್ಕ ನಿಂತು ನಸುನಕ್ಕಳು. ಅವನು ತಕ್ಷಣ ಬಾಯಿ ಮುಚ್ಚಿ ಪೆನ್ನು ಹಿಡಿದ. ದೇವರು ಪ್ರತ್ಯಕ್ಷವಾದರೂ ಜನ ಅಷ್ಟು ಬೇಗ ಬದಲಾಗುವುದಿಲ್ಲ. ನಾಚಿಕೆಯವಳು ನಾಚಿಕೆ ಬಿಟ್ಟಳು. ನನಗೂ ಎರಡನೇ ಸಲಕ್ಕೆ ಅರ್ಥವಾಯಿತು. ನಿಜ ಹೇಳಬೇಕೆಂದರೆ ಎರಡು ಸಲವೂ ನಾನು ಕೇಳಿಸಿಕೊಂಡಿರಲಿಲ್ಲ, ಮಗಳು ನನ್ನ ಚೀಟಿ ಜಗಿಯುತ್ತಿದ್ದಳು. ಅದನ್ನು ಬಾಯಿಂದ ತೆಗೆದದ್ದೇ ತಡ, ಕಿಟಾರನೆ ಕಿರುಚಿದಳು. ಪಾಪ, ನಾದಿನಿ ಅಲ್ಲಿಗೂ ಬಂದು ನಿಂತು ನಸುನಕ್ಕಳು. ಮಗಳ ಕಿರುಚಾಟ ಇಮ್ಮಡಿಯಾಯಿತು.

ಮೇಷ್ಟ್ರು ಜೋಗುಳದ ದನಿಯಲ್ಲೇ, “ಅಮ್ಮ, ಮಗೂನ ಹೊರಗಡೆ ಕರ್ಕೊಂಡು ಹೋಗ್ತೀರಾ? ತರಗತಿ ಸಹಜವಾಗಿರ್ಬೇಕು,” ಎಂದರು.

ಅಲ್ಲಿ ಸಹಜವಾಗಿ ಇದ್ದದ್ದು ಅವಳೊಬ್ಬಳೇ!

ಮನೆಗೆ ಬರುವಾಗ ಕೇಳಿದೆ, “ಅಲ್ವೇ, ಅವರೆಲ್ಲ ಯಾಕೆ ಹಾಗೆ ಕೀಲು ಕೊಟ್ಟ ಬೊಂಬೆ ಥರ ಆಡ್ತಾರೆ?”

“ನಾಳೆ ಅವರ ಪಾಠಕ್ಕೆ ನಾವೂ ಹೀಗೇ ಕೂತು ಆಡ್ಬೇಕಲ್ಲ ಅತ್ತಿಗೆ. ಮೇಷ್ಟ್ರು ಬೇರೆ ನೋಡ್ತಿರ್ತಾರೆ.”

ಇದಕ್ಕಿಂತ ದೊಡ್ಡ ತಮಾಷೆಯನ್ನೂ ಅವಳೇ ಹೇಳಿದಳು. ಮೇಷ್ಟ್ರಿಗೆ ಡಾಕ್ಟರೇಟು ಸಿಕ್ಕಿದ್ದು ಯಾವ ವಿಷಯಕ್ಕೆ ಗೊತ್ತೇ? ಪ್ರಯೋಗಕ್ಕೆ ಕೂತವರು ಪ್ರಯೋಗ ಮಾಡುವವರನ್ನು ಮೆಚ್ಚಿಸಲು ಹೇಗೆ ನಟಿಸುತ್ತಾರೆ ಎಂಬುದಕ್ಕೆ! ದಪ್ಪ ಪ್ರಬಂಧವಂತೆ. ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರಂತೆ. ಒಮ್ಮೆ ತೆಗೆದು ಓದಬಾರದೇ ಪುಣ್ಯಾತ್ಮ?

ಕೊನೆಗೂ ನಾದಿನಿಗೆ ನಿಜವಾದ ಕಾಲೇಜಿನಿಂದ ಕರೆ ಬಂತು. ಒಂದು ಪಾಠ ಮಾಡಿ ತೋರಿಸಬೇಕು, ಮೇಷ್ಟ್ರು ಕೂತು ನೋಡಬೇಕು, ‘ತಯಾರು’ ಅಂದರೆ ಕೆಲಸ. ಜೊತೆಗೆ ಬನ್ನಿ ಎಂದಳು. ತರಗತಿಯ ಹೊರಗೆ ಕಿಟಕಿಯ ಪಕ್ಕ ಒಂದು ಕಲ್ಲುಬೆಂಚು. ಮಗಳ ಕೈಗೆ ಬಿಸ್ಕತ್ತು ಕೊಟ್ಟು ಅಲ್ಲೇ ಕೂತೆ.

ಒಳಗೆ ಬೆಂಚು ತುಂಬ ಹುಡುಗ ಹುಡುಗಿಯರು, ಚೀಟಿಯಿಲ್ಲದವರು. ಹಿಂದಿನ ಸಾಲಿನಲ್ಲಿ ಮೇಷ್ಟ್ರು. ನಾದಿನಿ ಮರೆವಿನ ಪಾಠ ಶುರು ಮಾಡಿದಳು. ಮೂರನೇ ಸಾಲಿನಲ್ಲಿ ಒಬ್ಬ ಜಡೆಯ ಹುಡುಗಿ ಪಕ್ಕದವಳೊಂದಿಗೆ ಪಿಸಪಿಸ ಹಚ್ಚಿದ್ದಳು. ನಾದಿನಿ ನಡೆದು ಹೋಗಿ ಪಕ್ಕ ನಿಂತು ನಸುನಕ್ಕಳು. ಆ ಹುಡುಗಿ ತಲೆಯೆತ್ತಿ ನೋಡಿ, ಸರಿದು ಜಾಗ ಬಿಟ್ಟಳು.

“ಬನ್ನಿ ಮಿಸ್, ಕೂತ್ಕೊಳಿ. ಕಾಲು ನೋಯ್ತಿದೆ ಅನ್ಸುತ್ತೆ.”

ತರಗತಿ ಗೊಳ್ಳೆಂದಿತು. ನಾದಿನಿ ಒಮ್ಮೆ ಮೇಷ್ಟ್ರತ್ತ ನೋಡಿದಳು. ಆಮೇಲೆ, ಕೂತೇಬಿಟ್ಟಳು!

“ಏನ್ ಮಾತಾಡ್ತಿದ್ರಿ?”

“ರಾತ್ರಿ ಓದಿದ್ದು ಬೆಳಿಗ್ಗೆ ಟೆಸ್ಟಲ್ಲಿ ತಲೆಗೇ ಬರ್ಲಿಲ್ಲ ಮಿಸ್. ಇವಳು ಹೇಳ್ತಾಳೆ, ತಲೆ ಇದ್ರೆ ತಾನೇ ಬರೋದು ಅಂತ.”

ನಾದಿನಿ ನಕ್ಕಳು. ಕಲಿತ ನಸುನಗುವಲ್ಲ, ಮನೆಯಲ್ಲಿ ನಗುವ ನಗು. “ಎಲ್ಲಿ ಕೂತು ಓದಿದ್ರಿ?”

“ಮಂಚದ ಮೇಲೆ, ಹಾಡು ಹಾಕ್ಕೊಂಡು.”

“ಟೆಸ್ಟಲ್ಲಿ ಮಂಚಾನೂ ಇರ್ಲಿಲ್ಲ, ಹಾಡೂ ಇರ್ಲಿಲ್ಲ, ಅಲ್ವಾ?”

ಅಲ್ಲಿಂದ ಹಿಡಿದು, ಓದಿದ ಜಾಗಕ್ಕೂ ನೆನಪಿಗೂ ಏನು ನಂಟು ಎಂದು ಬೆಂಚಿನಲ್ಲಿ ಕೂತೇ ಹೇಳುತ್ತ ಹೋದಳು. ಮುಂದಿನ ಸಾಲಿನವರು ಇತ್ತ ತಿರುಗಿದರು. ಹಿಂದಿನವರು ಕತ್ತು ಚಾಚಿದರು. ಯಾವನೋ ಒಬ್ಬ, “ಹಾಗಾದ್ರೆ ಟೆಸ್ಟಲ್ಲೂ ಹಾಡು ಹಾಕ್ಬೇಕಾ ಮಿಸ್?” ಎಂದ. ನಾನು ಬಿಸ್ಕತ್ತಿನ ಪುಡಿ ಒರೆಸುವುದನ್ನೂ ಮರೆತು ಕೇಳುತ್ತಿದ್ದೆ.

ಮೇಷ್ಟ್ರು ಎದ್ದರು. ಅಷ್ಟೂ ಮಕ್ಕಳೆದುರು, “ಕೂತು ಪಾಠ ಮಾಡೋದನ್ನ ನಾನು ಯಾವಾಗ ಹೇಳಿಕೊಟ್ಟೆ? ಪಕ್ಕಕ್ಕೆ ಸರೀರಿ, ತೋರಿಸ್ತೀನಿ,” ಎಂದರು. ನಾದಿನಿಯ ಕಿವಿ ಕೆಂಪಾಯಿತು. ಎದ್ದು ಗೋಡೆಗಾತು ನಿಂತಳು.

ಮೇಷ್ಟ್ರು ಶುರು ಮಾಡಿದ್ದೇ ತಡ, ತರಗತಿ ಸಂತೆಯಾಯಿತು. ಅವರು ಗಂಭೀರವಾಗಿ ನಡೆದು ಜಡೆಯ ಹುಡುಗಿಯ ಪಕ್ಕ ನಿಂತು ನಸುನಕ್ಕರು.

“ಸರ್, ನೀವೂ ಕೂರ್ತೀರಾ? ಇನ್ನೊಂಚೂರು ಸರ್ಕೋತೀವಿ.”

ಮೇಷ್ಟ್ರು ನಗುತ್ತಲೇ ಕಾದರು. ಸದ್ದು ಇಳಿಯಲಿಲ್ಲ. ನಾಟಕದಲ್ಲಿ ತಮ್ಮ ಪಾತ್ರ ಮರೆತವರು ಯಾರು ಎಂದು ಹುಡುಕುವವರ ಹಾಗೆ ಅತ್ತಿತ್ತ ನೋಡಿದರು. ನಗು ಮುಖದ ಮೇಲೇ ಒಣಗಿತು. ಗಂಟೆ ಹೊಡೆದು ಅವರ ಮಾನ ಉಳಿಸಿತು.

ಪ್ರಾಂಶುಪಾಲೆ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದರು. ಹೊರಗೆ ಬಂದ ಮೇಷ್ಟ್ರನ್ನು ನನ್ನ ಬೆಂಚಿನ ಮುಂದೆಯೇ ತಡೆದು ಕೇಳಿದರು, “ಏನಂತೀರಿ ಸರ್? ಈ ಹುಡುಗಿ ತಯಾರಾ?”

“ಇನ್ನೊಂದು ವರ್ಷ ತರಬೇತಿ ಬೇಕು. ಅಂದ ಹಾಗೆ, ನಿಮ್ಮ ತರಗತಿ ಪ್ರಾತಿನಿಧಿಕ ಅಲ್ಲ ಮೇಡಂ.”

ಮಕ್ಕಳದ್ದೇ ತಪ್ಪು! ಮೇಷ್ಟ್ರ ಶಾಸ್ತ್ರಕ್ಕೆ ಹೊಂದುವ ಹಾಗೆ ಹುಟ್ಟಬೇಕಿತ್ತು ಅವು.

“ಒಂದು ವರ್ಷ ಈ ಮಕ್ಕಳನ್ನ ಸುಮ್ನೆ ಕೂರಿಸೋಕಾಗಲ್ಲ ಸರ್. ನಾಳೆ ಮೊದಲ ಅವಧಿ ಖಾಲಿ ಇದೆ, ನೀವೇ ತಗೊಳ್ತೀರಾ?”

ಮೇಷ್ಟ್ರು ಕಿಟಕಿಯತ್ತ ನೋಡಿದರು. ಜಡೆಯ ಹುಡುಗಿ ಒಳಗಿನಿಂದ ಕೈಬೀಸಿದಳು.

“ನನಗೆ ತರಬೇತಿ ಇದೆಯಲ್ಲ...”

“ಹಾಗಾದ್ರೆ ಈ ಹುಡುಗಿ ತಯಾರು ಅನ್ನಿ.”

“ಅಂದ್ಕೊಳ್ಳೋಣ,” ಎಂದು ಗೊಣಗಿ ಹೊರಟರು. ಮಾರನೇ ವಾರ ವಿಭಾಗದಲ್ಲಿ, ನಾದಿನಿ ತಮ್ಮ ಕೈಯಲ್ಲೇ ಪಳಗಿದವಳು ಎಂದು ಎದೆ ತಟ್ಟಿಕೊಂಡರಂತೆ. ಅವರ ಡಬ್ಬಿಗೆ ‘ಜಾಗ ಬಿಡುವ ವಿದ್ಯಾರ್ಥಿನಿ’ ಎಂಬ ಹೊಸ ಚೀಟಿಯೂ ಬಂದಿದೆಯಂತೆ, ಪರಿಹಾರದ ಸಮೇತ.

ಪಾಠ ಮುಗಿಸಿ ಬಂದ ಅಂದು ನಾದಿನಿ ಬಸ್ಸಿನುದ್ದಕ್ಕೂ ಪಠ್ಯಪುಸ್ತಕದ ಹಾಳೆ ತಿರುವುತ್ತಿದ್ದಳು. ಕೆಲಸ ಸಿಕ್ಕ ಸಂತೋಷವಿರಬೇಕು ಎಂದುಕೊಂಡೆ. ಮನೆಯ ಬಾಗಿಲು ತೆಗೆಯುವಾಗ, “ಅತ್ತಿಗೆ, ನಾಳೆ ಏನ್ ಪಾಠ ಮಾಡ್ಲಿ?” ಎಂದಳು.

“ಮುಂದಿನದು ಮಾಡು.”

“ಒಂದು ವರ್ಷದಿಂದ ನಮ್ಮ ಒಬ್ಬೊಬ್ಬರ ಕೈಲೂ ಒಂದೊಂದೇ ಪಾಠ ಉಜ್ಜಿಸಿದ್ದಾರೆ. ನನ್ನದು ಇವತ್ತು ಮುಗಿದುಹೋಯ್ತು.”

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಮಗಳು ಇದ್ದಳೆಂದು ನುಂಗಿಕೊಂಡೆ. ನಾದಿನಿ ಅಡುಗೆಮನೆಯ ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಅರ್ಧ ಪುಟ ಓದಿ, ನನಗೆ ವಿವರಿಸಿ ಮುಖ ನೋಡಿದಳು.

“ಏನೂ ತಿಳೀಲಿಲ್ಲ ಕಣೇ,” ಎಂದೆ.

ಅವಳು ಪುಸ್ತಕ ಮುಚ್ಚಿ, ನನ್ನ ಕೈಯಿಂದ ಒಂದು ಕ್ಯಾರೆಟ್ ತೆಗೆದುಕೊಂಡು, ಬೇರೆ ಥರ ಹೇಳಲು ಶುರು ಮಾಡಿದಳು.