ಶನಿವಾರದ ಫೋನು

ಕಳೆದ ವಾರ ಎಪ್ಪಿಂಗ್ ಬಡಾವಣೆಯ ನಮ್ಮ ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಹಳೆಯ ಸಾಮಾನುಗಳನ್ನು ಹುಲ್ಲಿನ ಮೇಲೆ ಇಟ್ಟಿದ್ದರು. ಅವುಗಳ ನಡುವೆ ಬೆಣ್ಣೆ ಬಣ್ಣದ, ಸುರುಳಿ ತಂತಿಯ ಒಂದು ಫೋನು. ಕಂಡದ್ದೇ ನಿಂತುಬಿಟ್ಟೆ.

ಅಂಥದೇ ಫೋನು ಮೆಲ್ಬರ್ನ್‌ನಲ್ಲಿ ನನ್ನ ಮೊದಲ ಮನೆಯೊಡತಿಯ ಹಜಾರದಲ್ಲಿತ್ತು. ನಾನು ಓದಲು ಬಂದು, ಅವರ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದ ಹೊಸತು. ಎಪ್ಪತ್ತು ದಾಟಿದ ಯಹೂದಿ ಮಹಿಳೆ, ಒಂಟಿ. "ಆಂಟಿ" ಎಂದರೆ, "ನಿಮ್ಮಪ್ಪನ ತಂಗಿಯಾ, ಅಮ್ಮನ ತಂಗಿಯಾ? ಮೊದಲು ಅದು ಗೊತ್ತಾಗ್ಲಿ" ಎಂದು ಛೇಡಿಸಿದ್ದರು.

ಮೊದಲ ದಿನವೇ ಹೇಳಿದ್ದರು: "ಶುಕ್ರವಾರ ಸೂರ್ಯ ಮುಳುಗಿದ ಮೇಲೆ, ಶನಿವಾರ ನಕ್ಷತ್ರ ಕಾಣೋವರೆಗೂ ನಾನು ಸ್ವಿಚ್ಚು, ಒಲೆ, ಫೋನು ಏನೂ ಮುಟ್ಟಲ್ಲ. ಅದು ನಮಗೆ ದೇವರು ಕೊಟ್ಟ ವಿಶ್ರಾಂತಿಯ ದಿನ." ನನಗೆ ತಕ್ಷಣ ಅರ್ಥವಾಯಿತು, ಅಥವಾ ಹಾಗೆಂದುಕೊಂಡೆ. ಮೈಸೂರಿನಲ್ಲಿ ನಮ್ಮಜ್ಜಿ ಮಡಿಯಲ್ಲಿದ್ದಾಗ ಅವರ ವಸ್ತುಗಳನ್ನು ನಾವು ಮುಟ್ಟುವಂತಿರಲಿಲ್ಲ. ಹಾಗಾಗಿ ಶನಿವಾರಗಳಂದು ಗೋಡೆಗೂ ತಾಗದಂತೆ ಓಡಾಡುತ್ತಿದ್ದೆ.

ಅವರಿಗೆ ಉಳಿದಿದ್ದವರು ಇಸ್ರೇಲಿನಲ್ಲಿದ್ದ ಅಣ್ಣ ಒಬ್ಬರೇ. ಯಹೂದಿಗಳ ನಾಡನ್ನು ದೇವರು ಕಳುಹಿಸುವ ರಕ್ಷಕನೇ ಬಂದು ಕಟ್ಟಬೇಕು, ಮನುಷ್ಯರು ಅವಸರಪಟ್ಟರೆ ಪಾಪ ಎಂದು ನಂಬಿದ್ದ ಅವರ ತಂದೆ ಯುರೋಪಿನಲ್ಲೇ ಕಾದರು. ಎರಡನೇ ಮಹಾಯುದ್ಧ ಅವರನ್ನು ಬಿಡಲಿಲ್ಲ. ಆ ಮಾತಿಗೇ ಜಗಳವಾಡಿ ಮೊದಲೇ ಹೊರಟಿದ್ದ ಅಣ್ಣ, ನಾಡು ಕಟ್ಟುವವರ ಜೊತೆ ಸೇರಿದ್ದರು. ತಂಗಿ ತಂದೆಯ ನಿಯಮಗಳಲ್ಲಿ ಒಂದನ್ನೂ ಬಿಡಲಿಲ್ಲ. "ಅಪ್ಪ ಸರಿ ಅಂದ್ರೆ ಅಣ್ಣ ಪಾಪಿ. ಅಣ್ಣ ಸರಿ ಅಂದ್ರೆ ಅಪ್ಪ ಸುಮ್ನೆ ಸತ್ರು ಅಂತಾಗುತ್ತೆ..." ಒಮ್ಮೆ ಇಷ್ಟು ಹೇಳಿ ಬೇರೆ ಮಾತಿಗೆ ಹೊರಳಿದ್ದರು. ಅಣ್ಣ ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ದೇವರನ್ನು ನಂಬದಿದ್ದರೂ, ತಂಗಿಗಾಗಿ, ಶನಿವಾರ ಮಾತ್ರ ಎಂದೂ ಮಾಡುತ್ತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಹಿಂದಿನ ದಿನ ಬೆಳಿಗ್ಗೆಯಷ್ಟೇ ಟಿ.ವಿ.ಯಲ್ಲಿ ಇಸ್ರೇಲಿನ ಬಸ್ಸೊಂದು ಸ್ಫೋಟಕ್ಕೆ ಸುಟ್ಟುಹೋದದ್ದನ್ನು ನೋಡಿದ್ದೆವು. ಅವರು ಹಜಾರದ ಬಾಗಿಲಿಗೆ ಬಂದು ನಿಂತರು.

"ಫೋನು ಹೊಡ್ಕೋತಿದೆ," ನನ್ನನ್ನೇ ನೋಡುತ್ತ ಹೇಳಿದರು.

"ಹೌದು ಆಂಟಿ."

"ತುಂಬಾ ಹೊತ್ತಿಂದ ಹೊಡ್ಕೋತಿದೆ."

"ಹೌದು..."

ತಪ್ಪಿಯೂ ತಾಗದಿರಲೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಫೋನು ನಿಂತಿತು. ಮತ್ತೆ ಹೊಡೆಯಿತು. ನಿಂತಿತು.

ಆಮೇಲಿನ ಮೂರು ಗಂಟೆ... ಅವರು ಕಿಟಕಿಯ ಬಳಿ ಕುರ್ಚಿಯ ಅಂಚಿನಲ್ಲಿ ಕೂತು ಆಕಾಶ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿಯಿರಲಿಲ್ಲ. ಮೋಡ ಕವಿದಿತ್ತು. ಕೊನೆಗೆ ಗಡಿಯಾರವನ್ನೇ ನಂಬಿ ಎದ್ದರು. ನಂಬರು ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಅಣ್ಣನ ಮನೆಯಲ್ಲಿ ಫೋನೆತ್ತಿದವಳು ಪಕ್ಕದ ಮನೆಯಾಕೆ. ಬಸ್ಸಲ್ಲ, ಅಣ್ಣನಿಗೆ ಎದೆನೋವು. ಆಂಬುಲೆನ್ಸಿಗೆ ಕಾಯುತ್ತ ತಂಗಿಗೆ ಎರಡು ಸಲ ಫೋನು ಮಾಡಿದ್ದರಂತೆ. ಆಸ್ಪತ್ರೆ ತಲುಪಲಿಲ್ಲ.

"ಎತ್ತು ಅಂತ ನಾನು ಬಾಯಿಬಿಟ್ಟು ಹೇಳೋ ಹಾಗಿರ್ಲಿಲ್ಲ, ಅವತ್ತು ಬೇರೆಯವರಿಗೆ ಕೆಲಸ ಹೇಳೋದೂ ತಪ್ಪು. ನೀನಾಗೇ ಎತ್ತಬಹುದಿತ್ತು," ಎಂದರು.

ಮಡಿಯ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀನು ಮುಟ್ಟಿದ್ರೆ ನನಗೇನೂ ಆಗಲ್ಲ, ಮಗು," ಎಂದು ನನ್ನ ಕೈ ಹಿಡಿದರು.

ಅವರೂ ಈಗಿಲ್ಲ. ಅಣ್ಣ ಕೊನೆಗೆ ಏನು ಹೇಳಬೇಕೆಂದಿದ್ದರೋ, ಅದನ್ನು ಕೇಳಿಸಿಕೊಳ್ಳಬಹುದಾಗಿದ್ದವಳು ನಾನೊಬ್ಬಳೇ.

ಹುಲ್ಲಿನ ಮೇಲಿದ್ದ ಫೋನಿನ ತಂತಿ ಯಾವ ಗೋಡೆಗೂ ಸೇರಿರಲಿಲ್ಲ. ಆದರೂ ಬಗ್ಗಿ ರಿಸೀವರು ಎತ್ತಿದೆ.