ಉಪವಾಸವಿದ್ದ ವಿಜ್ಞಾನಿ ಬಾಗಿಲು ತೆರೆಸಿದ್ದು

2019ರ ಡಿಸೆಂಬರ್. ಬೆಳಗ್ಗೆ ಸೂರ್ಯಗ್ರಹಣ. ನಾನಾಗ ತುಂಬು ಬಸುರಿ. ಕೂಡ್ಲಿಗಿಯ ನಮ್ಮ ಮನೆಯೆದುರಿನ ಮೈದಾನದಲ್ಲಿ ವಿಜ್ಞಾನ ಸಂಘದವರು ಗ್ರಹಣ ನೋಡುತ್ತ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವ ಕಾರ್ಯಕ್ರಮ ಇಟ್ಟಿದ್ದೆವು. ಅತಿಥಿಯಾಗಿ ಬಂದವರು ದೊಡ್ಡ ವಿಜ್ಞಾನ ಸಂಸ್ಥೆಯೊಂದರ ನಿರ್ದೇಶಕರು; ಮೈಲಾರದ ಕಡೆಯ ಕುರಿಗಾರರ ಮನೆತನ. ಹಣೆಗೆ ಮೈಲಾರಲಿಂಗನ ಅರಿಶಿನದ ಭಂಡಾರ ಹಚ್ಚುವ ಅವರನ್ನು ಕರೆಯುವುದೇ ಬೇಡವೆಂದು ಸಭೆಯಲ್ಲಿ ಗಂಟಲು ಹರಿದುಕೊಂಡವಳು ನಾನು, ಹೈಸ್ಕೂಲಿನ ವಿಜ್ಞಾನ ಟೀಚರ್. ದೇವರನ್ನು ನಂಬುವವರು ವಿಜ್ಞಾನಕ್ಕೆ ಮುಂದಾಳಾದರೆ ಅವರ ಬಾಯಿಂದ ಸತ್ಯ ಹೊರಟೀತೇ ಎಂದು ಕೇಳಿದ್ದೆ.

ಅಂಥ ನಾನು ಆವತ್ತು ಕಿಟಕಿಗೆ ಕಂಬಳಿ ಕಟ್ಟಿದ ಕತ್ತಲೆ ಕೋಣೆಯಲ್ಲಿದ್ದೆ. ಬಸುರಿ ಹೊರಬಂದರೆ ಕೂಸಿಗೆ ಊನವಾಗುತ್ತದೆಂದು ಅತ್ತೆ ಬಾಗಿಲು ಮುಚ್ಚಿ ಅಡ್ಡ ಕೂತುಬಿಟ್ಟಿದ್ದರು. ಮಕ್ಕಳಿಗೆ ಪಾಠ ಮಾಡಿದ ಗ್ರಹಣವನ್ನು ಒಮ್ಮೆಯೂ ಕಂಡವಳಲ್ಲ. ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿಯಾದ ನನ್ನ ಗಂಡ ಆ ನಿರ್ದೇಶಕರನ್ನು ಮನೆಗೇ ಕರೆತಂದರು. ಗ್ರಹಣ ಬಿಡುವವರೆಗೆ ಅವರು ಉಪವಾಸವಂತೆ! ತಿನ್ನುವವರ ನಡುವೆ ಮುಜುಗರ ಬೇಡವೆಂದು ಕರೆತಂದಿದ್ದರು. ಒಳಗೆ ಕೂತ ನನಗೆ ಮೈಯೆಲ್ಲ ಉರಿಯಿತು.

"ನಾವೂ ಮೈಲಾರಲಿಂಗನ ಒಕ್ಕಲ್ರಿ," ಅತ್ತೆಯ ದನಿ. "ಸೊಸಿ ಬಸರಿ ಅದಾಳ. ಹೊರಗ ಬಂದ್ರ ಏನರ ಆಗ್ತೈತೇನ್ರಿ?"

"ಏನೂ ಆಗಂಗಿಲ್ಲ ಯವ್ವಾ. ಗ್ರಹಣದ ಕನ್ನಡಕ ಹಾಕ್ಕೊಂಡು ನೋಡ್ಲಿ."

"ಹಂಗಾರ ನೀವ್ಯಾಕ ಉಂಡಿಲ್ರಿ?"

ಭಲೇ ಅತ್ತೆ, ಎಂದುಕೊಂಡೆ.

"ಅದು ನನ್ನ ಮನಸಿನ ಸಮಾಧಾನ ಅಷ್ಟ. ಉಂಡಾರಿಗೂ ಏನೂ ಆಗಂಗಿಲ್ಲ. ಅದು ಖಾತ್ರಿ ಐತಿ."

ಅತ್ತೆ ಎದ್ದ ಸದ್ದು ಕೇಳಿತು. ಆಮೇಲೆ ಬಾಗಿಲು ತೆರೆಯಿತು. "ಬಾರವ್ವ," ಎಂದರು ಅತ್ತೆ.

ಹೊರಗಿನ ಬೆಳಕು ಕನಸಿನೊಳಗಿನದು. ಬಿಸಿಲಿತ್ತು, ಕಾವಿರಲಿಲ್ಲ. ಹಕ್ಕಿಗಳು ಸುಮ್ಮನಾಗಿದ್ದವು. ಕನ್ನಡಕ ಹಾಕಿ ನೋಡಿದೆ: ಸೂರ್ಯ ಕುಡುಗೋಲಿನಷ್ಟೇ ಉಳಿದಿದ್ದ. ಬೇವಿನ ಎಲೆಗಳ ಸಂದಿಯಿಂದ ಇಳಿದ ಬೆಳಕೂ ಅಂಗಳದ ತುಂಬ ಸಣ್ಣ ಸಣ್ಣ ಕುಡುಗೋಲುಗಳೇ. ಕೆಲವು ನನ್ನ ಹೊಟ್ಟೆಯ ಮೇಲೆ ಆಡುತ್ತಿದ್ದವು. ಅತ್ತೆ ಗಾಬರಿಯಿಂದ ಒರೆಸಲು ಬಂದರು. ಅವು ಅವರ ಕೈ ಮೇಲೇ ಕೂತವು. ಅತ್ತೆ ನಕ್ಕುಬಿಟ್ಟರು. ಕೈ ತೆಗೆಯಲಿಲ್ಲ.

"ಸರ್, ಇದನ್ನ ನಾನೂ ವಾರದಿಂದ ಹೇಳಾಕ್ಹತ್ತಿದ್ದೆ. ನಿಮ್ಮ ಹಣಿ ಮ್ಯಾಲಿನ ಭಂಡಾರ ನೋಡಿ ನಂಬಿದ್ರು. ಅದ ನನಗ ಬ್ಯಾಸರ," ಎಂದೆ.

"ನನಗೂ ಅದ ಬ್ಯಾಸರ ನೋಡವ್ವ," ಎಂದರು ಅವರು, ಮೆಲ್ಲಗೆ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವರ ಉಪವಾಸ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ನಂಬುವವರ ಬಾಯಿಂದ ಸತ್ಯ ಹೊರಡುವುದಿಲ್ಲವೆಂದು ಆಮೇಲೆ ಯಾವ ಸಭೆಯಲ್ಲೂ ನಾನು ಹೇಳಿಲ್ಲ.