ಗಂಡಿ ಬಂತು, ಇಡ್ತೀನಿ

ಮೊನ್ನೆ ಆಫೀಸಿನ ಕಾರು ಒರೆಸುವಾಗ ಹಳೆಯ ಅಂಟುಟೇಪಿನ ವಾಸನೆ ಮೂಗಿಗೆ ಬಡಿಯಿತು. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಕರಗಿ, ಅದಿರಿನ ಕೆಂಪು ಧೂಳು ಮೆತ್ತಿಕೊಂಡು ಕೂತಿತ್ತು. ಉಗುರಿನಿಂದ ಕೆರೆಯಲು ಹೋದವನು ಹಾಗೇ ಬಿಟ್ಟೆ. ಅದನ್ನು ಅಂಟಿಸಿದ್ದು ನಮ್ಮ ಮೇಡಂ...

ನಮ್ಮದು ಮೊಬೈಲ್ ಟವರುಗಳನ್ನು ಪರೀಕ್ಷಿಸುವ ಕೆಲಸ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಫೋನು ಅಂಟಿಸಿ, ಕರೆ ಹಚ್ಚಿಟ್ಟು, ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರು ಅಂತ ಸುತ್ತುವುದು. ಎಲ್ಲಿ ಕರೆ ಕಡಿಯಿತು ಅಂತ ನೋಡುವುದು. ಮೇಡಂ ನಮ್ಮ ತಂಡದ ಮುಖ್ಯಸ್ಥರು, ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ಗಿರಣಿಯ ಸದ್ದಿನಲ್ಲಿ ಬೆಳೆದಿದ್ದಕ್ಕೋ ಏನೋ, ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಅವರು ಬೈದರೆ ಪಕ್ಕದ ಚಹಾದಂಗಡಿಯವನಿಗೂ ನಮ್ಮ ತಪ್ಪು ಗೊತ್ತಾಗುತ್ತಿತ್ತು.

ಆಗ 5ಜಿ ಬಂದ ಹೊಸತು. ಈ ಫೋನುಗಳು ಒಂದೇ ಹೊತ್ತಿಗೆ ಎರಡು ಟವರಿನ ಕೈ ಹಿಡಿದಿರುತ್ತವೆ. ಹಳೆಯ 4ಜಿ ಯಜಮಾನ. ಕರೆಯ ಹೊಣೆ ಅದರದು. 5ಜಿ ಜೊತೆಗಾರ, ವೇಗಕ್ಕೆ ಮಾತ್ರ. ನಾವು ಮುಂದೆ ಹೋದಂತೆ ಎರಡೂ ಕೈ ಬದಲಾಗಬೇಕು. ಬಯಲಿನಲ್ಲಿ ಇದು ಸಲೀಸು. ತೋರಣಗಲ್ಲಿನಿಂದ ಸಂಡೂರಿಗೆ ಹೋಗುವಾಗ ಗುಡ್ಡ ಸೀಳಿಕೊಂಡು ಹೋಗುವ ಗಂಡಿಯಲ್ಲಿ ಹಾಗಲ್ಲ. ತಿರುವಿನಲ್ಲಿ ಲಾರಿ, ಜನ ಅಡ್ಡವಿದ್ದರೆ ಮುಂದಿನ 5ಜಿ ಕೈಗೆ ಸಿಗುವುದಿಲ್ಲ. ಜೊತೆಗಾರ ಸಿಗಲಿಲ್ಲ ಅಂತ ಯಜಮಾನನ ಬದಲಾವಣೆಯೂ ಅರ್ಧಕ್ಕೇ ನಿಂತು, ಕರೆಯೇ ಸತ್ತುಹೋಗುತ್ತಿತ್ತು.

ಇದು ನಮಗೆ ಗೊತ್ತೇ ಇರಲಿಲ್ಲ. ವಾರದ ದಿನಗಳಲ್ಲಿ ಅದಿರಿನ ಲಾರಿಗಳ ನಡುವೆ ಸಿಕ್ಕಿಕೊಂಡರೆ ದಿನವೇ ಹೋಗುತ್ತದೆ ಅಂತ ನಾವು ಭಾನುವಾರ ಹೋಗುತ್ತಿದ್ದೆವು. ಖಾಲಿ ರಸ್ತೆ, ಗಾಜಿನ ಬುಡದಲ್ಲೇ ಅಂಟಿಸಿದ ಫೋನು. ಎಲ್ಲವೂ ಪಾಸು. ಟವರಿನ ಲೆಕ್ಕದಲ್ಲೂ ಅಲ್ಲಿ ಕರೆ ಕಡಿದದ್ದು ಅಷ್ಟಾಗಿ ಕಾಣುತ್ತಿರಲಿಲ್ಲ.

ಒಂದು ದಿನ ತೋರಣಗಲ್ಲಿನಲ್ಲಿ ಕಾರು ಕೆಟ್ಟು ನಿಂತಿತು. ಫ್ಯಾಕ್ಟರಿಯ ಶಿಫ್ಟ್ ಬಿಟ್ಟ ಹೊತ್ತು. ಕೆಲಸಗಾರರ ಬಸ್ಸಿಗೇ ಹತ್ತಿದೆವು. ಬಸ್ಸು ಭರ್ತಿ, ಎಲ್ಲರ ಕಿವಿಯಲ್ಲೂ ಫೋನು. ಗಂಡಿ ಹತ್ತಿರವಾದಂತೆ ಒಬ್ಬೊಬ್ಬರಾಗಿ ‘ಗಂಡಿ ಬಂತು, ಇಡ್ತೀನಿ’ ಅಂದು ತಾವಾಗಿಯೇ ಕರೆ ಮುಗಿಸಿದರು. ಬಸ್ಸಿಗೆ ಬಸ್ಸೇ ಗಪ್‌ಚಿಪ್. ನನಗೆ ನಗು ಬಂತು. ಮೇಡಂ ನಗಲಿಲ್ಲ. ಕಡಿಯುವ ಮೊದಲೇ ಜನ ಇಟ್ಟುಬಿಟ್ಟರೆ ಕಡಿದದ್ದು ನಮ್ಮ ಲೆಕ್ಕಕ್ಕೆ ಬರುವುದಾದರೂ ಹೇಗೆ?

ಅವರ ಪಕ್ಕ ಕೂತಿದ್ದಾಕೆ ಸಂಡೂರಿನ ಆ್ಯಂಬುಲೆನ್ಸಿನ ನರ್ಸು. ಹೆರಿಗೆ ಕೇಸುಗಳನ್ನು ಬಳ್ಳಾರಿಗೆ ಒಯ್ಯುವಾಗ ಫೋನಿನಲ್ಲಿ ಡಾಕ್ಟರನ್ನು ಕೇಳಿಕೊಂಡೇ ನೋಡಿಕೊಳ್ಳಬೇಕು. ನೀವೂ ಹಿಂಗೇ ಇಟ್ಟುಬಿಡ್ತೀರೇನು ಅಂತ ಮೇಡಂ ಕೇಳಿದರು.

“ನಾ ಹೆಂಗ ಇಡ್ಲಿ ಮೇಡಂ? ಗಂಡಿ ಬಂತಂದ್ರ ಡಾಕ್ಟರ್ ದನಿ ತಾನೇ ಹೋಗ್ತೈತ್ರಿ. ಮತ್ತ ಫೋನ್ ಹತ್ತೋ ತನಕ ಆ ತಾಯಿ, ನಾನು, ಇಬ್ರೇ.”

ಮರುದಿನದಿಂದ ಕಾರು ಬಂದ್. ಫೋನುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಶಿಫ್ಟ್ ಬಸ್ಸಿನಲ್ಲೇ ಓಡಾಡಿದೆವು. ಲಾರಿಗಳ ನಡುವೆ, ಜನರ ನಡುವೆ ಒಂದೊಂದೇ ಕರೆ ಸಾಯುವುದನ್ನು ನೋಡಿದೆವು. ಪರಿಹಾರ ದೊಡ್ಡದೇನಲ್ಲ. ಗಂಡಿಗೆ ಮುಂಚೆಯೇ 5ಜಿಯ ಕೈ ಬಿಡಿಸಬೇಕು, 4ಜಿ ಒಂದೇ ಕರೆಯನ್ನು ದಾಟಿಸಬೇಕು, ಆಚೆ ಹೋದ ಮೇಲೆ ಮತ್ತೆ 5ಜಿ ಹಿಡಿಸಬೇಕು. ಆದರೆ ಅಷ್ಟು ದೂರ ಫೋನಿನ ಮೇಲೆ 5ಜಿ ಅನ್ನುವ ಗುರುತು ಮಾಯವಾಗುತ್ತದೆ. ನಮ್ಮ ಕಂಪನಿಯೋ, ದಾರಿಯುದ್ದಕ್ಕೂ 5ಜಿ ಅಂತ ಆಳೆತ್ತರದ ಬೋರ್ಡು ಹಾಕಿಸಿತ್ತು.

ದೊಡ್ಡ ಆಫೀಸಿನ ಸಾಹೇಬರು ಒಪ್ಪಲಿಲ್ಲ. ಜನರೇ ಸುಮ್ಮನಿದ್ದಾರೆ, ನಿಮಗೇನು ತೊಂದರೆ ಅಂತ ಫೋನಿನಲ್ಲಿ ಕೇಳಿದರು. ಮೇಡಂ ಅಷ್ಟರಲ್ಲಾಗಲೇ ಬದಲಾವಣೆ ಮಾಡಿ ಕೂತಿದ್ದರು.

“ಜನ ಸುಮ್ನಿಲ್ರಿ ಸರ್, ರೂಢಿ ಮಾಡ್ಕೊಂಡಾರ. ಗುರುತು ಹೋದ್ರ ಹೋಗ್ಲಿ, ದನಿ ಹೋಗಬಾರ್ದು. ನಾ ಅಂತೂ ತೆಗಿಯಂಗಿಲ್ಲ. ಬೇಕಾದ್ರ ನೀವಽ ತೆಗೀರಿ, ನಿಮ್ಮ ಹೆಸರ್ಲೇ.”

ತೆಗೆಯಲು ಯಾರ ಹೆಸರೂ ಮುಂದೆ ಬರಲಿಲ್ಲ. ಮೇಡಮ್ಮನ್ನು ಮಾತ್ರ ರಸ್ತೆಯ ಕೆಲಸದಿಂದ ಎತ್ತಿ ಹೊಸಪೇಟೆಯ ಆಫೀಸಿನ ಮೂಲೆಯಲ್ಲಿ ಕೂರಿಸಿದರು. ಬಡ್ತಿ ಅವರಿಗಿಂತ ಚಿಕ್ಕವರಿಗೆ ಹೋಯಿತು. ನಾನು ಹೋಗಿ ಅವರೆದುರು ಸಾಹೇಬರನ್ನು ಬೈದೆ. ಅವರು ಮಾತ್ರ ಕುರ್ಚಿ ಮೆತ್ತಗೈತಿ ಬಿಡು ಅಂದರು.

ಕೆಲವು ತಿಂಗಳ ಮೇಲೆ ಆ ನರ್ಸು ನನಗೆ ಬಸ್ಸಿನಲ್ಲಿ ಸಿಕ್ಕರು. ಗಂಡಿಯಲ್ಲೇ ಒಂದು ಹೆರಿಗೆಯಾಯಿತಂತೆ. ಮಗು ಅಳಲಿಲ್ಲವಂತೆ. ಏನು ಮಾಡಬೇಕು ಅಂತ ಡಾಕ್ಟರು ಫೋನಿನಲ್ಲಿ ಹೇಳುತ್ತಲೇ ಹೋದರಂತೆ, ಇವರು ಮಾಡುತ್ತಲೇ ಹೋದರಂತೆ, ಕೊನೆಗೆ ಮಗು ಅತ್ತಿತಂತೆ. ಕೂಡಲೇ ಮೇಡಮ್ಮಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ “ಹೌದಾ” ಅಂದರು. ಅವರು ಮೆಲ್ಲಗೆ ಮಾತಾಡಿದ್ದು ನಾನು ಕೇಳಿದ್ದು ಆವತ್ತೊಂದೇ ದಿನ.

ಹೋದ ವರ್ಷ ಕಾಯಿಲೆ ಬಿದ್ದು ಕಂಪ್ಲಿಯಲ್ಲಿ ತೀರಿಕೊಂಡರು. ತಂಡದಲ್ಲಿ ಅವರಿದ್ದ ಮುಖ್ಯಸ್ಥರ ಜಾಗದಲ್ಲಿ ಈಗ ನಾನಿದ್ದೇನೆ. ಕಳೆದ ವಾರ ಹೊಸ ಸಾಹೇಬರಿಂದ ಅಪ್ಪಣೆ ಬಂತು: ಗಂಡಿಯಲ್ಲಿ 5ಜಿ ಗುರುತು ಕಾಣಬೇಕು, ಹಳೆಯ ಬದಲಾವಣೆಯನ್ನು ತೆಗೆಯಿರಿ. ತೆಗೆಯುವುದಿಲ್ಲ ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕಿ ಕಳಿಸಿದೆ. ಕಳಿಸುವ ಮುಂಚೆ ಎರಡು ಸಲ ಹೆಸರು ಅಳಿಸಿದ್ದೂ ಸುಳ್ಳಲ್ಲ. ಇದನ್ನು ಹೇಳಿಕೊಂಡು ಬೈಸಿಕೊಳ್ಳೋಣ ಅಂದರೆ ಅವರಿಲ್ಲ, ಸಂಕಟ ಅದೊಂದೇ. ನನ್ನನ್ನೂ ಎತ್ತಿ ಯಾವುದಾದರೂ ಮೂಲೆಗೆ ಹಾಕಬಹುದು. ಹಾಕಲಿ. ಹೋಗುವ ಮುಂಚೆ, ನನ್ನ ಜಾಗಕ್ಕೆ ಬರುವವರನ್ನು ವಾರದ ದಿನ ನೋಡಿ ಆ ಬಸ್ಸಿಗೆ ಹತ್ತಿಸಿ, ನರ್ಸಿನ ಪಕ್ಕ ಕೂರಿಸಿ, ಸಂಡೂರಿನವರೆಗೂ ಕರೆದುಕೊಂಡು ಹೋಗುತ್ತೇನೆ.